ಯಂತ್ರಶಿಲ್ಪದ ಕಮ್ಮಟ ನಮ್ಮ ಪೇಟೆಗೇಕೆ ಬೇಡ?

“ಏನ್ರೀ ಮಾಸ್ತರ, ಕಬ್ಬಿಣದ ಗೊಂಬಿ ಕುಣಿಸೋದು ಕಲಿತರ ನಮ್ಮ ಪಗಾರ ಹೆಚ್ಚಾಗತೈತೇನು?” ಎಂದು ದಾಂಡೇಲಿಯ ಗಿರಣಿ ಗೆಳೆಯರೊಬ್ಬರು ಮೊನ್ನೆ ಚಹದ ಅಂಗಡಿಯಲ್ಲಿ ಕೇಳಿದರು. ರೋಬೋ ಶಿಲ್ಪ ಮತ್ತು ವಿಡಿಯೋ ಕಲೆಯನ್ನು ಕೈಯಿಂದಲೇ ಮಾಡಿ ಕಲಿಯುವ ಕಮ್ಮಟಗಳು ನಮ್ಮ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳಲ್ಲಿಯೂ ನಡೆಯಬೇಕೆಂದು ನಾವು ಹೇಳುತ್ತ ಬಂದಿರುವುದು ಅವರ ಕಿವಿಗೆ ಬಿದ್ದಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನೂ ಅವರು ಸೇರಿಸಿದರು. ಸುತ್ತ ಕುಳಿತವರು ನಕ್ಕರು. ನಾವೂ ನಕ್ಕೆವು. ಆದರೆ ಪ್ರಶ್ನೆ ನಗುವಂಥದಲ್ಲ. ಗುತ್ತಿಗೆಯ ಮೇಲೆ ದುಡಿಯುವವನಿಗೆ ನಾಳೆಯ ಪಾಳಿ ಇದೆಯೋ ಇಲ್ಲವೋ ಎಂಬುದು ಇಂದಿನ ರಾತ್ರಿಯವರೆಗೂ ತಿಳಿಯದಿರುವಾಗ, ಕಲೆಯ ಮಾತು ಆಡುವವನು ಅವನಿಗೆ ನೇರವಾಗಿ ಉತ್ತರ ಹೇಳಲೇಬೇಕು.

ನೇರವಾದ ಉತ್ತರ ಇದು: ಇಲ್ಲ, ಪಗಾರ ಹೆಚ್ಚಾಗುವುದಿಲ್ಲ. ಪಗಾರ ಹೆಚ್ಚುವುದು ಸಂಘಟನೆಯಿಂದ; ಗೊಂಬೆಯಿಂದಲ್ಲ. ಹೀಗೆ ಒಪ್ಪಿಕೊಂಡ ಮೇಲೂ ಕಮ್ಮಟ ಬೇಕೆಂದು ನಾವು ಏಕೆ ಹೇಳುತ್ತೇವೆ ಎಂಬುದನ್ನು ಈ ವಾರ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇವೆ. ಗಿರಣಿಯ ಗೆಳೆಯರೂ ಅಂಗಡಿಕಾರ ಬಂಧುಗಳೂ ಓದಿ, ತಪ್ಪಿದ್ದರೆ ತಿದ್ದಬೇಕು.

ಮೊದಲು ಈ ಯಂತ್ರಶಿಲ್ಪವೆಂದರೆ ಏನು? ಹೆಸರು ಕೇಳಿ ಹೆದರಬೇಕಾದ್ದಿಲ್ಲ. ನಮ್ಮ ಕಡೆಯ ಗಣೇಶೋತ್ಸವಗಳಲ್ಲಿ ಚಲಿಸುವ ದೇಖಾವೆಗಳನ್ನು ನೋಡದವರು ಯಾರು? ಮಹಿಷಾಸುರನ ತಲೆ ಎಡಕ್ಕೆ ಬಲಕ್ಕೆ ತಿರುಗುತ್ತದೆ, ಹನುಮಂತನು ಎದೆಯನ್ನು ತೆರೆಯುತ್ತಾನೆ, ಹಾವು ಹೆಡೆ ಎತ್ತುತ್ತದೆ. ಪರದೆಯ ಹಿಂದೆ ಹೋಗಿ ನೋಡಿದರೆ ಲಾರಿಯ ಹಳೆಯ ವೈಪರ್ ಮೋಟರು, ಒಂದು ಹನ್ನೆರಡು ವೋಲ್ಟಿನ ಬ್ಯಾಟರಿ, ಸಾಯಕಲ್ಲಿನ ಚೈನು, ಮರದ ಪಟ್ಟಿ, ಒಂದಿಷ್ಟು ತಂತಿ. ಮೋಟರು ಗರಗರನೆ ಸುತ್ತುತ್ತದೆ. ಆದರೆ ಅದರ ಹೊಟ್ಟೆಯೊಳಗಿನ ತಿರುಪಿನಂಥ ಗಿಯರು ಆ ವೇಗವನ್ನು ಇಳಿಸಿ ಬಲವನ್ನು ಹೆಚ್ಚಿಸುತ್ತದೆ. ಅದರ ಮೂತಿಗೆ ಒಂದು ಸೊಟ್ಟ ಪಟ್ಟಿಯನ್ನು ಬಿಗಿದರೆ ಸುತ್ತುವ ಚಲನೆಯು ಹಿಂದೆ ಮುಂದೆ ಹೋಗುವ ಚಲನೆಯಾಗುತ್ತದೆ. ಇಷ್ಟೇ ಹನುಮಂತನ ಎದೆಯ ಗುಟ್ಟು. ಇದನ್ನು ಮಾಡಿದ ಹುಡುಗನಿಗೆ ಯಾರೂ ಶಿಲ್ಪಿ ಎಂದು ಹೆಸರು ಕೊಡುವುದಿಲ್ಲ. ಇಂಜಿನಿಯರ ಎನ್ನುವುದಂತೂ ದೂರ. ಹನ್ನೊಂದನೆಯ ದಿನ ಗಣಪತಿಯನ್ನು ನೀರಿಗೆ ಬಿಟ್ಟ ಮೇಲೆ ಅವನ ವಿದ್ಯೆಯೂ ಒಂದು ವರ್ಷ ಮೂಲೆ ಸೇರುತ್ತದೆ.

ಈ ಹನುಮಂತನಿಗೆ ಇನ್ನೊಂದೇ ಒಂದು ವಸ್ತುವನ್ನು ಸೇರಿಸಿದರೆ ಅದೇ ರೋಬೋ ಶಿಲ್ಪ. ಆ ವಸ್ತುವೆಂದರೆ ಕಣ್ಣು, ಇಲ್ಲವೆ ಕಿವಿ. ಮನುಷ್ಯ ಹತ್ತಿರ ಬಂದುದನ್ನು, ಬೆಳಕು ಬಿದ್ದುದನ್ನು, ಸದ್ದಾದುದನ್ನು ಗುರುತಿಸುವ ಒಂದು ಸಣ್ಣ ಬಿಲ್ಲೆ; ಅದು ಕೊಟ್ಟ ಸುದ್ದಿಯನ್ನು ಕೇಳಿ ಮೋಟರಿಗೆ “ಏಳು, ತಿರುಗು, ನಿಲ್ಲು” ಎಂದು ಆಜ್ಞೆ ಮಾಡುವ ಅಂಗೈ ಅಗಲದ ಒಂದು ಫಲಕ. ಇಟಲಿಯ ಇವ್ರಿಯಾ ಎಂಬ ಪಟ್ಟಣದ ಶಾಲೆಯೊಂದರಲ್ಲಿ 2005ರಲ್ಲಿ ವಿದ್ಯಾರ್ಥಿಗಳ ಕೈಗೆ ನಿಲುಕಲೆಂದು ಮಾಡಿದ ಆರ್ಡುಯಿನೊ ಎಂಬ ಫಲಕ ಇಂಥದು. ಅದರ ನಕ್ಷೆಯನ್ನು ಮಾಡಿದವರು ಬಚ್ಚಿಡದೆ ಎಲ್ಲರಿಗೂ ತೆರೆದಿಟ್ಟರು. ಆದ್ದರಿಂದಲೇ ಅದರ ನಕಲುಗಳು ಇಂದು ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಒಂದು ವಿದ್ಯೆಯನ್ನು ಪೇಟೆಂಟಿನ ಬೀಗದಲ್ಲಿಡದೆ ಹಂಚಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ.

ಗಿರಣಿ ಕೆಲಸಗಾರನಿಗಂತೂ ಇದರಲ್ಲಿ ಹೊಸದೇನಿದೆ? ವೆಸ್ಟ್ ಕೋಸ್ಟ್ ಕಾಗದದ ಗಿರಣಿ 1955ರಲ್ಲಿ ಸ್ಥಾಪನೆಯಾಗಿ 1959ರಲ್ಲಿ ಕಾಗದ ತೆಗೆಯತೊಡಗಿದಂದಿನಿಂದ ದಾಂಡೇಲಿಯ ಮೂರು ತಲೆಮಾರು ಯಂತ್ರದ ಮಗ್ಗುಲಲ್ಲಿಯೇ ಬೆಳೆದಿದೆ. ಇಂದಿನ ಯಾವುದೇ ದೊಡ್ಡ ಕಾಗದದ ಯಂತ್ರವನ್ನು ತೆಗೆದುಕೊಳ್ಳಿ: ಓಡುತ್ತಿರುವ ಹಾಳೆಯ ತೂಕವನ್ನೂ ಒದ್ದೆಯನ್ನೂ ಅಳೆಯುವ ಕಣ್ಣು ಅದಕ್ಕಿದೆ, ಹಾಳೆ ಹರಿದರೆ ಕೂಡಲೆ ಕೂಗಿ ಹೇಳುವ ಕಾವಲುಗಾರನಿದ್ದಾನೆ, ಆ ಸುದ್ದಿಯ ಮೇಲಿಂದ ಉಗಿಯನ್ನೂ ವೇಗವನ್ನೂ ಹೆಚ್ಚು ಕಡಿಮೆ ಮಾಡುವ ಮಿದುಳಿದೆ. ಕಣ್ಣು, ಮಿದುಳು, ಕೈ: ರೋಬೋ ಎಂದರೆ ಇವೇ ಮೂರು. ನಮ್ಮ ಫಿಟ್ಟರನೂ ಇಲೆಕ್ಟ್ರಿಶಿಯನ್ನನೂ ಈ ಮೂರನ್ನೂ ದಿನವೂ ಒರೆಸಿ, ಎಣ್ಣೆ ಹಾಕಿ, ಕೆಟ್ಟರೆ ಬಿಚ್ಚಿ ಕಟ್ಟುತ್ತಾನೆ. ಒಂದೇ ವ್ಯತ್ಯಾಸ. ಗಿರಣಿಯಲ್ಲಿ ಯಂತ್ರ ಏನು ಮಾಡಬೇಕೆಂಬುದನ್ನು ನಿರ್ಧರಿಸುವವನು ಅವನಲ್ಲ. ಮೂವತ್ತು ವರ್ಷ ಯಂತ್ರದ ಮಾತು ಕೇಳಿದವನು ಒಂದು ಸಂಜೆಯಾದರೂ ಯಂತ್ರಕ್ಕೆ ತನ್ನ ಮಾತು ಕೇಳಿಸಬಾರದೆ? ನಾವು ಕಮ್ಮಟ ಕೇಳುವುದರ ಮೊದಲನೆಯ ಕಾರಣ ಇದು.

ಇದು ಶ್ರೀಮಂತ ದೇಶಗಳ ಷೋಕಿ ಎನ್ನುವವರುಂಟು. ಅಲ್ಲಿ ಆರಂಭವಾದುದು ನಿಜ; ಆದರೆ ಹೇಗೆ ಎಂಬುದನ್ನು ನೋಡಿ. 1960ರಲ್ಲಿ ಟಿಂಗೆಲಿ ಎಂಬ ಸ್ವಿಸ್ ಶಿಲ್ಪಿ ನ್ಯೂಯಾರ್ಕಿನ ದೊಡ್ಡ ಕಲಾ ಸಂಗ್ರಹಾಲಯದ ಅಂಗಳದಲ್ಲಿ ಒಂದು ಬೃಹತ್ ಯಂತ್ರವನ್ನು ನಿಲ್ಲಿಸಿದ. ಅದಕ್ಕೆ ಬೇಕಾದ ಸಾಯಕಲ್ ಗಾಲಿ, ಹಳೆಯ ಪಿಯಾನೊ, ಸ್ನಾನದ ತೊಟ್ಟಿ, ಮೋಟರು ಇವನ್ನು ಅವನು ಹೆಚ್ಚಾಗಿ ಕಸದ ತಿಪ್ಪೆಯಿಂದಲೂ ಗುಜರಿಯಿಂದಲೂ ತಂದಿದ್ದ. ಗಣ್ಯರೆಲ್ಲ ನೋಡುತ್ತಿರುವಾಗಲೇ ಆ ಯಂತ್ರ ಅರ್ಧ ಗಂಟೆಯೊಳಗೆ ತನ್ನನ್ನು ತಾನೇ ಮುರಿದುಕೊಂಡು ಹೊಗೆಯಾಡಿತು. ಹತ್ತು ವರ್ಷದ ಮೇಲೆ, 1970ರಲ್ಲಿ, ಹಾಲೆಂಡಿನ ಐಂಡ್‌ಹೋವನ್ನಿನಲ್ಲಿ ಇನ್ನೊಂದನ್ನು ಇಟ್ಟರು. ಅದನ್ನು ಮಾಡಿದವನು ಪೋಲೆಂಡಿನಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ಇಹ್ನಾಟೊವಿಚ್. ಹದಿನೈದು ಅಡಿ ಉದ್ದದ ಆ ಉಕ್ಕಿನ ಜೀವ, ಜನ ಮೆಲ್ಲಗೆ ಮಾತನಾಡಿದರೆ ಕತ್ತು ಬಾಗಿಸಿ ಹತ್ತಿರ ಬರುತ್ತಿತ್ತು, ಗದ್ದಲ ಮಾಡಿದರೆ ನಾಚಿ ಹಿಂದೆ ಸರಿಯುತ್ತಿತ್ತು. ನಮ್ಮ ಕೆಲವು ಮುಖಂಡರು ಅದರ ಎದುರು ಭಾಷಣ ಮಾಡಿದ್ದರೆ ಏನಾಗುತ್ತಿತ್ತೋ!

ದೂರದ ಮಾತು ಬೇಡ. ನಮ್ಮ ನೆರೆಯ ಕೇರಳದ ಚಾಲಕುಡಿಯಲ್ಲಿ ಕೆಲವರು ಕುಶಲಕರ್ಮಿಗಳು ಕೂಡಿ ಆನೆಗಳನ್ನು ಮಾಡುತ್ತಾರೆ. ಉಕ್ಕಿನ ಅಸ್ಥಿ, ಮೇಲೆ ಫೋಮು, ಫೈಬರು, ರಬ್ಬರಿನ ಚರ್ಮ. ಒಳಗೆ ಐದು ಮೋಟರು. ಕಿವಿ ಬೀಸುತ್ತದೆ, ಕಣ್ಣು ಮಿಟುಕುತ್ತದೆ, ಸೊಂಡಿಲು ಏಳುತ್ತದೆ, ಬಾಲ ಆಡುತ್ತದೆ. 2023ರಲ್ಲಿ ತ್ರಿಶೂರು ಜಿಲ್ಲೆಯ ಇರಿಂಜಾಡಪಿಳ್ಳಿ ಶ್ರೀಕೃಷ್ಣ ದೇವಸ್ಥಾನಕ್ಕೆ ಇಂಥ ಆನೆಯೊಂದು ಬಂದಿತು. ಸುಮಾರು 800 ಕಿಲೊ ತೂಕ, ಐದು ಲಕ್ಷ ರೂಪಾಯಿ ವೆಚ್ಚ. ಜೀವಂತ ಆನೆಯನ್ನು ಸರಪಳಿಯಲ್ಲಿ ಕಟ್ಟಿ ಉತ್ಸವದ ಗದ್ದಲದಲ್ಲಿ ನಿಲ್ಲಿಸುವ ಬದಲು ಇದಿರಲಿ ಎಂದು ಪ್ರಾಣಿದಯೆಯ ಸಂಸ್ಥೆಯೊಂದು ಕೊಡಿಸಿತು. ಮುಂದೆ 2024ರ ಡಿಸೆಂಬರಿನಲ್ಲಿ ನಮ್ಮದೇ ನಾಡಿನ ರಂಭಾಪುರಿ ಪೀಠಕ್ಕೂ ವೀರಭದ್ರನೆಂಬ ಹೆಸರಿನ ಯಂತ್ರದ ಆನೆ ಬಂದಿತು. ಇದು ಒಳ್ಳೆಯ ಕೆಲಸ. ಆದರೆ ನಮ್ಮ ಮನಸ್ಸಿನಲ್ಲಿ ಏಳುವ ಪ್ರಶ್ನೆ ಬೇರೆ. ಆನೆಗಳು ಇಂದಿಗೂ ಅಡ್ಡಾಡುವ ಕಾಡು ನಮ್ಮದು. ಗಂಧದ ತುಂಡಿನಲ್ಲಿ ಆನೆಯ ಸಾಲನ್ನೇ ಕೆತ್ತುವ ಗುಡಿಗಾರರು ಇರುವ ಜಿಲ್ಲೆ ನಮ್ಮದು. ಬೆಸುಗೆ ಹಾಕುವವರು, ಮೋಟರಿಗೆ ತಂತಿ ಸುತ್ತುವವರು, ಬಡಿಗರು, ದರ್ಜಿಗಳು ಹಳಿಯಾಳದ ಒಂದೇ ಓಣಿಯಲ್ಲಿ ಸಿಗುತ್ತಾರೆ. ಹೀಗಿದ್ದೂ ಕಬ್ಬಿಣದ ಆನೆ ಬೇಕಾದರೆ ಚಾಲಕುಡಿಗೆ ಹೋಗಬೇಕು. ಅಲ್ಲಿ ಇದ್ದು ಇಲ್ಲಿ ಇಲ್ಲದ್ದು ಯಾವುದು? ಈ ಎಲ್ಲ ಕಸುಬಿನವರು ಒಂದೇ ಸೂರಿನ ಕೆಳಗೆ ಕೂಡಿ, ತಪ್ಪು ಮಾಡಿ, ಮತ್ತೆ ಮಾಡಿ ಕಲಿಯುವ ಜಾಗ.

ಇನ್ನು ವಿಡಿಯೋದ ಮಾತು. ಇದು ಯಂತ್ರಶಿಲ್ಪಕ್ಕಿಂತ ಹೆಚ್ಚು ತುರ್ತಿನದು ಎಂದು ನಮ್ಮ ಅಭಿಪ್ರಾಯ. ಏಕೆಂದರೆ ಮೋಟರು ಎಲ್ಲರ ಮನೆಯಲ್ಲಿಲ್ಲ, ಕ್ಯಾಮೆರಾ ಇದೆ. ಪಾಳಿ ಮುಗಿಸಿ ಬಂದವನು ಮೊಬೈಲಿನಲ್ಲಿ ಬೆರಳಾಡಿಸುತ್ತ ನಿದ್ದೆ ಹೋಗುತ್ತಾನೆ. ಅವನು ನೋಡುವುದೆಲ್ಲ ಬೇರೆಯವರು ಮಾಡಿದ್ದು.

ನಮ್ಮ ದೇಶದಲ್ಲಿ ಈ ಕಥೆ ಹಳೆಯದು. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಅಮೇರಿಕದ ಉಪಗ್ರಹವೊಂದನ್ನು ಎರವಲು ಪಡೆದು ನಮ್ಮ ಬಾಹ್ಯಾಕಾಶ ಸಂಸ್ಥೆಯವರು ಆರು ರಾಜ್ಯಗಳ 2400 ಹಳ್ಳಿಗಳಿಗೆ ಟೆಲಿವಿಷನ್ ಕಾರ್ಯಕ್ರಮ ಮುಟ್ಟಿಸಿದರು. ಕರ್ನಾಟಕದಲ್ಲಿ ವಿಜಾಪುರ, ರಾಯಚೂರು, ಗುಲಬರ್ಗಾ ಜಿಲ್ಲೆಯ ಹಳ್ಳಿಗಳು ಅದರಲ್ಲಿದ್ದವು. ಸಾರ್ವಜನಿಕ ಜಾಗದಲ್ಲಿ ಒಂದು ಪೆಟ್ಟಿಗೆ, ಅದರ ಮುಂದೆ ಊರಿಗೆ ಊರೇ. ಬೇಸಾಯ, ಆರೋಗ್ಯ, ಶಾಲೆಯ ಪಾಠ ಎಲ್ಲವೂ ಮೇಲಿನಿಂದ ಬಂದವು. ದೊಡ್ಡ ಸಾಹಸವೇ ಅದು; ಅಲ್ಲಗಳೆಯುವುದಿಲ್ಲ. ಆದರೆ ಹಳ್ಳಿಯವನು ನೋಡುವವನಾಗಿಯೇ ಉಳಿದನು. ಅದೇ ಕಾಲದಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಅದೇ ಸಂಸ್ಥೆಯವರು ಸಣ್ಣ ಕ್ಯಾಮೆರಾ ಹಿಡಿದು ಹಳ್ಳಿಗೆ ಹೋಗಿ, ಅಲ್ಲಿಯ ಜನರ ಬಾಯಿಂದಲೇ ಅವರ ಕಷ್ಟವನ್ನು ಹೇಳಿಸಿ ತೋರಿಸಿದಾಗ ಪೆಟ್ಟಿಗೆಗೆ ಬೇರೆ ಜೀವ ಬಂದಿತು.

ಇದಕ್ಕಿಂತಲೂ ನಮ್ಮ ಗಿರಣಿ ಗೆಳೆಯರು ಕೇಳಬೇಕಾದ ಕಥೆ ಫ್ರಾನ್ಸಿನ ಬೆಸಾನ್ಸೋನಿನದು. ಅಲ್ಲಿಯ ರೋಡಿಯಾಸೆಟಾ ಎಂಬ ನೂಲಿನ ಗಿರಣಿಯಲ್ಲಿ 1967ರಲ್ಲಿ ಸುಮಾರು ಒಂದು ತಿಂಗಳ ಮುಷ್ಕರ ನಡೆಯಿತು. ಕ್ರಿಸ್ ಮಾರ್ಕರ್ ಎಂಬ ಹೆಸರಾದ ಚಿತ್ರ ನಿರ್ಮಾಪಕನು ಗೆಳೆಯರೊಡನೆ ಹೋಗಿ ಕೆಲಸಗಾರರ ಬಗೆಗೆ ಒಂದು ಚಿತ್ರ ಮಾಡಿದನು. ಮುಗಿದ ಮೇಲೆ ಅದನ್ನು ಅವರಿಗೇ ತೋರಿಸಿದನು. ಮೆಚ್ಚುಗೆಯನ್ನು ನಿರೀಕ್ಷಿಸಿದ್ದಿರಬೇಕು. ಆದರೆ ಕೆಲಸಗಾರರು ಎದ್ದು ನಿಂತು, “ಇದು ನೀನು ಕಂಡ ನಾವು, ನಾವು ಕಂಡ ನಾವಲ್ಲ” ಎಂಬರ್ಥದ ಮಾತು ಹೇಳಿದರು. ಹೆಂಗಸರು ಇದರಲ್ಲಿ ಎಲ್ಲಿ ಎಂದೂ ಕೇಳಿದರು. ಆ ಮನುಷ್ಯ ಸಿಟ್ಟಾಗಲಿಲ್ಲ. ಹಾಗಾದರೆ ನಿಮ್ಮ ಚಿತ್ರವನ್ನು ನೀವೇ ಮಾಡಬೇಕು ಎಂದು ಕ್ಯಾಮೆರಾ ಹಿಡಿಯುವುದನ್ನೂ ಧ್ವನಿ ಹಿಡಿಯುವುದನ್ನೂ ತುಂಡು ಜೋಡಿಸುವುದನ್ನೂ ಅವನ ಗೆಳೆಯರು ವಾರದ ಬಿಡುವಿನಲ್ಲಿ ಕಲಿಸಿದರು. ಕೆಲಸಗಾರರು ಮಾಡಿದ ಮೊದಲ ಚಿತ್ರಗಳಲ್ಲೊಂದು ಗಡಿಯಾರದ ಕಾರಖಾನೆಯ ಒಬ್ಬ ಹೆಣ್ಣು ಮಗಳು ಸಂಘದ ಮುಂದಾಳಾದ ಕಥೆ. ಆ ನೂಲಿನ ಗಿರಣಿ ಮುಚ್ಚಿ ಎಷ್ಟೋ ಕಾಲವಾಯಿತು. ಆದರೆ ಅದರ ಕೆಲಸಗಾರರು ಹೇಗೆ ಮಾತನಾಡಿದರು, ಹೇಗೆ ನಕ್ಕರು ಎಂಬುದನ್ನು ಇಂದಿಗೂ ನೋಡಬಹುದು.

ಈಗ ನಮ್ಮ ಕಡೆ ತಿರುಗಿ ನೋಡೋಣ. ದಾಂಡೇಲಿಯ ಹೆಸರನ್ನು ಮೊಬೈಲಿನಲ್ಲಿ ಹುಡುಕಿದರೆ ಕಾಣುವುದೇನು? ಕಾಳಿ ನದಿಯಲ್ಲಿ ರಬ್ಬರಿನ ದೋಣಿ, ರಿಸಾರ್ಟಿನ ಕೋಣೆ, ಹಾರ್ನ್‌ಬಿಲ್ ಹಕ್ಕಿ. ದೋಣಿಯ ಹಿಂದೆ ನಿಂತು ಹುಟ್ಟು ಹಾಕುವ ಹುಡುಗ ಕಾಣುವುದಿಲ್ಲ. ಕಂಡರೂ ಅವನು ಮಾತನಾಡುವುದಿಲ್ಲ. ಸಿದ್ದಿ ಬಂಧುಗಳ ಡಮಾಮಿ ಕುಣಿತವನ್ನು ಪ್ರವಾಸಿಗರು ಸೆರೆ ಹಿಡಿದು ಹೋಗುತ್ತಾರೆ. ಕುಣಿದವರ ಕೈಗೆ ಆ ಚಿತ್ರದ ಒಂದು ಪ್ರತಿಯೂ ಬರುವುದು ಅಪರೂಪ. ಆದರೆ ಈ ಜನರಿಗೆ ಕಲೆ ಹೊಸದಲ್ಲ. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಮಂದಿ ನೆರೆಯ ಯಲ್ಲಾಪುರ ತಾಲೂಕಿನ ಮಂಚಿಕೇರಿ ಕಡೆಯ ಸಿದ್ದಿಗಳೊಂದಿಗೆ ನಾಟಕ ಮಾಡಿದರು. ಕಾಡಿನಲ್ಲಿ ಕೂಲಿ ಮಾಡಿದವರ ಮಕ್ಕಳು ಆ ದಾರಿಯಲ್ಲಿ ನಡೆದು ರಂಗಭೂಮಿಗೂ ಸಿನಿಮಾಕ್ಕೂ ಬಂದಿದ್ದಾರೆ. ದಾರಿ ತೋರಿಸಿದರೆ ನಡೆಯುವವರು ಇದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಜೋಯಿಡಾದ ಹಿರಿಯರನ್ನು ಕೇಳಿ ನೋಡಿ. ಅವರು ಇಂದಿಗೂ ತಮ್ಮ ತಾಲೂಕನ್ನು ಸೂಪಾ ಎಂದೇ ಕರೆಯುತ್ತಾರೆ. ಕಾಳಿಗೆ ಅಡ್ಡವಾಗಿ 101 ಮೀಟರು ಎತ್ತರದ ಅಣೆಕಟ್ಟು ಎದ್ದು ಸೂಪಾ ಪೇಟೆ ನೀರಿನ ಕೆಳಗೆ ಹೋಯಿತು. ನಾಡಿಗೆಲ್ಲ ವಿದ್ಯುತ್ತು ಬಂದಿತು. ಆ ಪೇಟೆಯ ಸಂತೆ ಎಲ್ಲಿ ಕೂಡುತ್ತಿತ್ತು, ಯಾವ ಅಂಗಡಿಯ ಮುಂದೆ ಯಾವ ಮರವಿತ್ತು ಎಂಬುದು ಈಗ ಕೆಲವು ಮುದುಕರ ನೆನಪಿನಲ್ಲಿ ಮಾತ್ರ ಉಳಿದಿದೆ. ಅವರ ವಯಸ್ಸು ಎಂಬತ್ತು ದಾಟುತ್ತಿದೆ. ಅವರ ಮುಂದೆ ಒಂದು ಮೊಬೈಲು ಹಿಡಿದು, ಒಳ್ಳೆಯ ಬೆಳಕಿನಲ್ಲಿ ಕೂರಿಸಿ, ಗಾಳಿಯ ಸದ್ದು ಸೇರದಂತೆ ಅವರ ಮಾತನ್ನು ಹಿಡಿದಿಡುವುದಕ್ಕೆ ಎಷ್ಟು ಖರ್ಚು? ಖರ್ಚಿಲ್ಲ, ತಿಳಿವಳಿಕೆ ಬೇಕು. ಎಲ್ಲಿ ಕ್ಯಾಮೆರಾ ಇಡಬೇಕು, ಯಾವ ಪ್ರಶ್ನೆ ಕೇಳಿ ಸುಮ್ಮನಾಗಬೇಕು, ಎರಡು ಗಂಟೆಯ ಮಾತಿನಿಂದ ಇಪ್ಪತ್ತು ನಿಮಿಷವನ್ನು ಹೇಗೆ ಆರಿಸಬೇಕು ಎಂಬ ತಿಳಿವಳಿಕೆ. ಇದು ಕಮ್ಮಟದಲ್ಲಿ ಕಲಿಯುವ ವಿದ್ಯೆ. ತಡಮಾಡಿದಷ್ಟು ದಿನ ಒಬ್ಬೊಬ್ಬರೇ ಹೋಗುತ್ತಿರುತ್ತಾರೆ.

ಹಾಗಾದರೆ ಇಂಥ ಕಮ್ಮಟಗಳು ಎಲ್ಲಿಯೂ ನಡೆಯುವುದಿಲ್ಲವೆ? ನಡೆಯುತ್ತವೆ, ಬೆಂಗಳೂರಿನಲ್ಲಿ. ನಮ್ಮ ರಾಜ್ಯ ಸರಕಾರದ ಬೆಂಬಲದಿಂದಲೇ ಅಲ್ಲಿ ಸೈನ್ಸ್ ಗ್ಯಾಲರಿ ಎಂಬ ಸಂಸ್ಥೆ ಎದ್ದಿದೆ; 2024ರ ಜನವರಿಯಲ್ಲಿ ಅದರ ಹೊಸ ಕಟ್ಟಡ ಜನರಿಗೆ ತೆರೆಯಿತು. ವಿಜ್ಞಾನ ಮತ್ತು ಕಲೆ ಎರಡನ್ನೂ ಕೂಡಿಸಿ ಪ್ರದರ್ಶನ, ಕಮ್ಮಟ ಎಲ್ಲ ಮಾಡುತ್ತಾರೆ, ಪ್ರವೇಶಕ್ಕೆ ಶುಲ್ಕವಿಲ್ಲ. ಒಳ್ಳೆಯದೇ. ಆದರೆ ಶುಲ್ಕವಿಲ್ಲದ ಆ ಬಾಗಿಲಿಗೆ ಜೋಯಿಡಾದ ಹುಡುಗಿಯೊಬ್ಬಳು ಮುಟ್ಟಬೇಕಾದರೆ ಒಂದು ರಾತ್ರಿಯ ಪ್ರಯಾಣ, ಎರಡು ದಿನದ ಊಟ, ಜೊತೆಗೆ ತಂದೆಯ ಎರಡು ದಿನದ ಕೂಲಿ. ಬೆಂಗಳೂರು ಬೇಡವೆಂದು ನಾವು ಹೇಳುವುದಿಲ್ಲ; ರಾಜ್ಯದ ಬೊಕ್ಕಸಕ್ಕೆ ದಾಂಡೇಲಿಯವನೂ ತೆರಿಗೆ ಕೊಡುತ್ತಾನೆ ಎಂದು ಮಾತ್ರ ಹೇಳುತ್ತೇವೆ. ಇನ್ನು ದೊಡ್ಡ ಊರುಗಳಲ್ಲಿ ರೋಬೋ ಕಲಿಸುವ ಖಾಸಗಿ ತರಗತಿಗಳು ಎದ್ದಿವೆ. ಅಲ್ಲಿಯ ಫೀ ಕೇಳಿದರೆ ನಮ್ಮ ಕೆಲಸಗಾರನು ಎದ್ದು ಬರುತ್ತಾನೆ.

ಶಾಲೆಗಳಲ್ಲಿ ಇಲ್ಲವೆ ಎಂದು ಕೇಳಬಹುದು. ಕೇಂದ್ರ ಸರಕಾರ 2016ರಿಂದ ಅಟಲ್ ಟಿಂಕರಿಂಗ್ ಲ್ಯಾಬ್ ಎಂಬ ಯೋಜನೆಯನ್ನು ನಡೆಸುತ್ತಿದೆ. ಆರನೆಯ ಇಯತ್ತೆಯಿಂದ ಹನ್ನೆರಡರವರೆಗಿನ ಮಕ್ಕಳಿಗಾಗಿ ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿಯವರೆಗೆ ಅನುದಾನ. ರೋಬೋ ಸಾಮಾನು, ಸಂವೇದಕ, ಮೂರು ಆಯಾಮದ ಮುದ್ರಣ ಯಂತ್ರ ಎಲ್ಲ ಅದರಲ್ಲಿ ಬರುತ್ತವೆ. ಇನ್ನೂ 50,000 ಲ್ಯಾಬುಗಳನ್ನು ಐದು ವರ್ಷದಲ್ಲಿ ಸರಕಾರಿ ಶಾಲೆಗಳಿಗೆ ಕೊಡುವುದಾಗಿ 2025ರ ಬಜೆಟ್ಟಿನಲ್ಲಿ ಘೋಷಣೆಯಾಗಿದೆ. ಕಾಗದದ ಮೇಲೆ ಬಹಳ ಚೆಂದ. ಆದರೆ ಈ ಲೇಖಕನು ಮಾಸ್ತರಿಕೆ ಮಾಡಿದ ದಿನಗಳಲ್ಲಿ ಒಂದು ಶಾಲೆಯಲ್ಲಿ ಕಣ್ಣಾರೆ ಕಂಡದ್ದನ್ನು ಹೇಳಬೇಕು. ಪೆಟ್ಟಿಗೆಗಳು ಬಂದವು, ಪಂಚನಾಮೆಯಂತೆ ಪಟ್ಟಿಯಾಯಿತು, ಕಪಾಟಿಗೆ ಬೀಗ ಬಿದ್ದಿತು. ಕೀಲಿಕೈ ಯಾರ ಬಳಿ ಇದೆಯೋ ಅವರಿಗೆ ಒಂದೇ ಭಯ: ಏನಾದರೂ ಮುರಿದರೆ ಲೆಕ್ಕ ಪರಿಶೋಧನೆಯಲ್ಲಿ ಯಾರು ಉತ್ತರ ಹೇಳಬೇಕು? ಸಾಹೇಬರು ಬಂದ ದಿನ ಬೀಗ ತೆರೆದು, ಇಂಗ್ಲಿಷು ಚೆನ್ನಾಗಿ ಬರುವ ಇಬ್ಬರು ಹುಡುಗರಿಂದ ಒಂದು ಸಣ್ಣ ಗಾಡಿಯನ್ನು ಓಡಿಸಿ ತೋರಿಸಲಾಯಿತು. ಹಿಂದಿನ ಬೆಂಚಿನ ಹುಡುಗನೊಬ್ಬ, ಗ್ಯಾರೇಜಿನಲ್ಲಿ ರವಿವಾರ ಕೆಲಸ ಮಾಡುತ್ತಿದ್ದವನು, “ಸರ, ಅದರ ಬಲಗಡೆ ಗಾಲಿ ಬಿಗಿ ಐತಿ, ಅದಕ್ಕ ಸೊಟ್ಟ ಹೊಂಟೈತಿ” ಎಂದನು. ನಿಜವಾಗಿತ್ತು. ಅವನನ್ನು ಮುಟ್ಟಗೊಡಲಿಲ್ಲ. ತಡೆಯಲಾರದೆ ಹೋದವರಲ್ಲಿ ನಾನೂ ಒಬ್ಬ; ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಕಲಿಕೆ ಎಂದರೆ ಮುರಿಯುವ ಹಕ್ಕೂ ಹೌದು. ಮುರಿದದ್ದಕ್ಕೆ ದಂಡ ವಿಧಿಸುವ ಜಾಗದಲ್ಲಿ ಯಾರೂ ಏನನ್ನೂ ಕಟ್ಟಲಾರರು.

ಭಾಷೆಯ ಪ್ರಶ್ನೆ ಇನ್ನೊಂದು. ಇದರಲ್ಲಿ ನಾವು ನಮ್ಮ ಮುಂಡಗೋಡದ ನೆರೆಯವರಿಂದ ಕಲಿಯಬೇಕು. 1966ರಿಂದ ಅಲ್ಲಿ ನೆಲೆಸಿರುವ ಟಿಬೆಟಿನ ಬಂಧುಗಳ ದ್ರೆಪುಂಗ್, ಗಾದೆನ್ ಮಠಗಳ ಹೆಸರನ್ನು ಎಲ್ಲರೂ ಕೇಳಿದ್ದೀರಿ. ಬಣ್ಣದ ಮರಳಿನಿಂದ ಮಂಡಲ ಬರೆಯುವ, ಬೆಣ್ಣೆಯಲ್ಲಿ ಹೂವನ್ನೂ ದೇವತೆಯನ್ನೂ ತಿದ್ದುವ ಕೈಗಳು ಅವು. ಅಮೇರಿಕದ ಎಮೋರಿ ವಿಶ್ವವಿದ್ಯಾಲಯದವರು 2006ರಿಂದ ಟಿಬೆಟಿನ ಸನ್ಯಾಸಿಗಳಿಗಾಗಿ ವಿಜ್ಞಾನದ ಪಾಠಕ್ರಮವನ್ನು ಸಿದ್ಧಪಡಿಸತೊಡಗಿದರು. ಭೌತಶಾಸ್ತ್ರ, ಜೀವಶಾಸ್ತ್ರ, ನರವಿಜ್ಞಾನ ಇವುಗಳ ಪಠ್ಯವನ್ನು ಟಿಬೆಟಿಯನ್ ಮತ್ತು ಇಂಗ್ಲಿಷು ಎರಡರಲ್ಲಿಯೂ ಅಚ್ಚು ಹಾಕಿಸಿದರು. ಇಲ್ಲದ ಪಾರಿಭಾಷಿಕ ಶಬ್ದಗಳನ್ನು ಕುಳಿತು ಹುಟ್ಟಿಸಿದರು. ವಯಸ್ಸಾದ ಪಂಡಿತರೂ ಹುಡುಗರಂತೆ ಪ್ರಶ್ನೆ ಕೇಳಿ ಕಲಿಯುತ್ತಾರೆ. ಪರದೇಶದಲ್ಲಿ ಆಶ್ರಯ ಪಡೆದ ಜನ ಹೊಸ ವಿದ್ಯೆಯನ್ನು ತಮ್ಮ ನುಡಿಯಲ್ಲಿ ತಂದುಕೊಂಡರು; ನಮ್ಮ ನೆಲದಲ್ಲಿಯೇ ಇರುವ ನಾವು ರೋಬೋ ಪೆಟ್ಟಿಗೆಯ ಜೊತೆ ಬಂದ ಇಂಗ್ಲಿಷು ಪುಸ್ತಕವನ್ನು ಕಪಾಟಿನಲ್ಲಿಟ್ಟೆವು. ಕಮ್ಮಟ ಕನ್ನಡದಲ್ಲಿ ನಡೆಯಬೇಕು. ಜೋಯಿಡಾದಲ್ಲಿ ಕೊಂಕಣಿ ಮಾತನಾಡುವ ಕುಣಬಿ ಹುಡುಗನಿಗೆ ಕೊಂಕಣಿಯಲ್ಲಿ ಹೇಳುವವರೂ ಇರಬೇಕು.

ಮುಂಡಗೋಡದಿಂದ ಶಿಗ್ಗಾಂವಿ ಕಡೆ ಹೋದರೆ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಸಿಗುತ್ತದೆ. ಕಲಾವಿದ ಟಿ. ಬಿ. ಸೊಲಬಕ್ಕನವರ ಅವರ ಕನಸು ಅದು, 2009ರಲ್ಲಿ ತೆರೆಯಿತು. ಹಂತಿ ಹೊಡೆಯುವವರು, ರಾಶಿ ಮಾಡುವವರು, ಎತ್ತು, ಹೋರಿ, ಕಟ್ಟೆಯ ಮೇಲೆ ಕುಳಿತ ಹಿರಿಯರು ಎಲ್ಲರೂ ಆಳೆತ್ತರದ ಸಿಮೆಂಟಿನಲ್ಲಿ ಸಿದ್ಧರಾಗಿ ನಿಂತಿದ್ದಾರೆ. ಶಾಲೆಯ ಮಕ್ಕಳು ಪ್ರವಾಸಕ್ಕೆ ಹೋಗಿ ಬಾಯಿ ಬಿಟ್ಟು ನೋಡುತ್ತಾರೆ. ನಮ್ಮ ಉತ್ತರ ಕರ್ನಾಟಕದ ಕೈಗಳಿಂದ ಎಂಥ ಕೆಲಸವಾಗಬಲ್ಲದು ಎಂಬುದನ್ನು ಅದು ತೋರಿಸಿದೆ. ಆ ಹಂತಿಯ ಎತ್ತು ಒಂದು ಹೆಜ್ಜೆ ಎತ್ತಿ ಇಟ್ಟರೆ ಹೇಗೆ ಎಂದು ಒಬ್ಬ ಹುಡುಗನಾದರೂ ಕೇಳಿರಬೇಕು. ಅವನಿಗೆ ಉತ್ತರ ಹುಡುಕಲು ಒಂದು ಶೆಡ್ಡು ಬೇಡವೆ?

ಶೆಡ್ಡು ಎಂದೇ ನಾವು ಕೇಳುತ್ತೇವೆ. ಭವನ ಬೇಡ, ಶಿಲಾನ್ಯಾಸ ಬೇಡ, ರಿಬ್ಬನ್ನೂ ಬೇಡ. ನಾಲ್ಕೂ ತಾಲೂಕಿನಲ್ಲಿ ನಗರಸಭೆಯ, ಪುರಸಭೆಯ, ಪಂಚಾಯತಿಯ ಒಂದೊಂದು ಖಾಲಿ ಕೋಣೆ. ಸಂಜೆ ಆರರಿಂದ ಒಂಬತ್ತು. ವಿದ್ಯುತ್ತು, ನಾಲ್ಕು ಮೇಜು, ಬೆಸುಗೆಯ ಕಡ್ಡಿ, ಎರಡು ಹಳೆಯ ಕಂಪ್ಯೂಟರು. ಕಲಿಸುವವರು ಯಾರು? ನಿವೃತ್ತರಾದ ಫಿಟ್ಟರು, ವೈಂಡರು, ಇಲೆಕ್ಟ್ರಿಶಿಯನ್ನರು ನಮ್ಮ ಪ್ರತಿ ಓಣಿಯಲ್ಲಿದ್ದಾರೆ. ಅವರಿಗೆ ಗೌರವಧನ ಕೊಟ್ಟು ಕರೆಯಬೇಕು, ಪುಕ್ಕಟೆಯಲ್ಲ. ವರ್ಷಕ್ಕೆ ಎರಡು ಸಾರಿ ಬೆಂಗಳೂರಿನಿಂದಲೋ ಧಾರವಾಡದಿಂದಲೋ ಕಲಾವಿದರನ್ನು ಕರೆಸಿ ಹದಿನೈದು ದಿನ ಇಲ್ಲಿಯೇ ಉಳಿಸಿಕೊಳ್ಳಬೇಕು. ಒಂದು ದಿನ ಬಂದು ತೋರಿಸಿ, ಫೋಟೋ ತೆಗೆಸಿಕೊಂಡು ಹೋಗುವವರು ನಮಗೆ ಬೇಡ. ಹಳಿಯಾಳದ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಸಂಜೆ ಬಂದು ಫಲಕಕ್ಕೆ ಆಜ್ಞೆ ಬರೆಯುವುದನ್ನು ಹೇಳಿಕೊಡಲಿ, ಬದಲಿಗೆ ಬೆಸುಗೆ ಹಾಕುವುದನ್ನು ಕಲಿತು ಹೋಗಲಿ. ಸರಕಾರಿ ಶಾಲೆಗಳಲ್ಲಿ ಲ್ಯಾಬ್ ಇದ್ದರೆ ಸಂಜೆ ಅದರ ಬೀಗವೂ ತೆರೆಯಲಿ.

ಅಂಗಡಿಕಾರ ಬಂಧುಗಳಿಗೆ ಇಲ್ಲಿ ಒಂದು ಮಾತು. ಯೋಜನೆಯ ಸಾಮಾನನ್ನು ಟೆಂಡರಿನ ಮೇಲೆ ದೂರದ ಒಂದೇ ಕಂಪನಿಯಿಂದ ಪೆಟ್ಟಿಗೆಗಟ್ಟಲೆ ತರಿಸುವುದು ಈಗಿನ ಪದ್ಧತಿ. ಅದರಿಂದ ನಮ್ಮ ಪೇಟೆಗೆ ಒಂದು ಕಾಸೂ ಬರುವುದಿಲ್ಲ. ಒಂದು ಬಿಡಿ ಭಾಗ ಕೆಟ್ಟರೆ ಇಡೀ ಪೆಟ್ಟಿಗೆ ಸತ್ತಂತೆ. ಶೆಡ್ಡಿಗೆ ಬೇಕಾದ ಮೋಟರು ಗ್ಯಾರೇಜಿನಲ್ಲಿದೆ, ಕಬ್ಬಿಣ ಗುಜರಿಯಲ್ಲಿದೆ, ಬೋಲ್ಟು ಹಾರ್ಡ್‌ವೇರ ಅಂಗಡಿಯಲ್ಲಿದೆ, ಬಟ್ಟೆ ದರ್ಜಿಯ ಬಳಿ ಇದೆ. ಇಲ್ಲಿಯೇ ಕೊಳ್ಳಬೇಕೆಂದು ನಿಯಮ ಮಾಡಲಿ. ಮೊಬೈಲು ಬಂದ ಮೇಲೆ ಫೋಟೋ ಸ್ಟುಡಿಯೋದವರ ವ್ಯಾಪಾರ ಬಿದ್ದುಹೋಗಿದೆ. ಮದುವೆಯ ವಿಡಿಯೋ ತೆಗೆದು ತೆಗೆದು ಬೆಳಕಿನ ಹದ ತಿಳಿದವರು ಅವರು. ವಿಡಿಯೋ ಕಮ್ಮಟದ ಗುರುಗಳನ್ನು ಹುಡುಕಲು ಮೊದಲು ಅವರ ಬಾಗಿಲು ತಟ್ಟಬೇಕು.

ಹಣ ಎಲ್ಲಿಂದ? 2013ರ ಕಂಪನಿ ಕಾಯಿದೆಯ 135ನೆಯ ಕಲಮು ಓದಿದವರಿಗೆ ಗೊತ್ತು: ನಿಗದಿಯಾದ ಮಟ್ಟ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಕಡಿಮೆಯೆಂದರೆ ನೂರಕ್ಕೆ ಎರಡರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು, ತಾವು ಇರುವ ಸ್ಥಳಕ್ಕೆ ಆದ್ಯತೆ ಕೊಡಬೇಕು. ಶಿಕ್ಷಣ, ಕಸುಬಿನ ತರಬೇತಿ, ಕಲೆ ಇವು ಮೂರೂ ಆ ಪಟ್ಟಿಯಲ್ಲಿವೆ. ಇದು ಮಾಲಿಕರ ಔದಾರ್ಯವಲ್ಲ, ಕಾಯಿದೆ. ಕೆಲಸಗಾರನ ಪಗಾರದಿಂದ ವರ್ಷ ವರ್ಷ ವಂತಿಗೆ ಕಡಿದುಕೊಳ್ಳುವ ಕಾರ್ಮಿಕ ಕಲ್ಯಾಣ ಮಂಡಳಿಯನ್ನೂ ಕೇಳಬಹುದು. ಕೇಳುವುದಕ್ಕೆ ಸಂಘಗಳು ಒಂದು ಠರಾವು ಪಾಸು ಮಾಡಬೇಕಷ್ಟೆ.

ನಮ್ಮ ಸಂಘಗಳಲ್ಲಿಯೇ ಕೆಲವು ಹಿರಿಯರು, “ರೋಬೋ ಎಂದರೆ ನಮ್ಮ ಅನ್ನ ಕಸಿಯುವ ಪಿಶಾಚಿ, ಅದನ್ನೇ ಮಕ್ಕಳಿಗೆ ಕಲಿಸಬೇಕೆ?” ಎನ್ನುತ್ತಾರೆ. ಅವರ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಹತ್ತು ಆಳಿನ ಕೆಲಸವನ್ನು ಒಂದು ಗುಂಡಿ ಮಾಡುವುದನ್ನು ಅವರು ನೋಡಿದ್ದಾರೆ. ಆದರೆ ಆಳನ್ನು ತೆಗೆದದ್ದು ಯಂತ್ರವಲ್ಲ, ಅದರ ಒಡೆತನ. ಯಂತ್ರದ ಒಳಗೇನಿದೆ ಎಂದು ತಿಳಿಯದ ಕೆಲಸಗಾರನಿಗೆ ಆಡಳಿತದವರು “ಈ ಯಂತ್ರಕ್ಕೆ ಇಷ್ಟೇ ಜನ ಸಾಕು” ಎಂದರೆ ಒಪ್ಪಿಕೊಳ್ಳುವುದೊಂದೇ ದಾರಿ. ತಿಳಿದವನಾದರೆ, ರಾತ್ರಿ ಪಾಳಿಯಲ್ಲಿ ಈ ಕಣ್ಣು ಮಂಜಾದರೆ ಏನಾಗುತ್ತದೆ, ಯಾರು ಗಾಯಗೊಳ್ಳುತ್ತಾರೆ ಎಂದು ಮೇಜಿನ ಈಚೆ ಕುಳಿತು ವಾದಿಸಬಲ್ಲನು. ಹೆದರಿದವನ ಮಗನೂ ಹೆದರಿಯೇ ಬೆಳೆಯಬೇಕೆಂಬ ನಿಯಮವಿಲ್ಲ.

ಇನ್ನೊಂದು ಆಕ್ಷೇಪಣೆ, ಹಿಂದುಳಿದ ಕಾಡು ತಾಲೂಕುಗಳಿಗೆ ಇಷ್ಟು ದೊಡ್ಡ ಮಾತೇಕೆ ಎಂಬುದು. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಈ ಜಿಲ್ಲೆಯ ಮೂಲೆ ಮೂಲೆಯಲ್ಲಿ ಹಾಯಸ್ಕೂಲು ತೆರೆಯುವಾಗಲೂ ಒಕ್ಕಲು ಮಕ್ಕಳಿಗೆ ಹಾಯಸ್ಕೂಲು ಏಕೆ ಎಂದು ಕೇಳುವವರಿಗೆ ಕಡಿಮೆ ಇದ್ದಿರಲಾರದು. ಆ ಹಾಯಸ್ಕೂಲುಗಳಲ್ಲಿ ಓದಿದವರ ಮೊಮ್ಮಕ್ಕಳೇ ಇಂದು ಈ ಪತ್ರಿಕೆಯನ್ನು ಓದುತ್ತಿದ್ದಾರೆ.

ಹೆಣ್ಣುಮಕ್ಕಳ ವಿಷಯವನ್ನು ಮರೆಯಬಾರದು. ಸಂಜೆಯ ಶೆಡ್ಡಿಗೆ ಮಗಳನ್ನು ಕಳಿಸಲು ತಾಯಂದಿರು ಹಿಂದೆಮುಂದೆ ನೋಡುವರು; ಅದು ಸಹಜ. ರವಿವಾರ ಹಗಲು ಅವರಿಗಾಗಿ ಮೀಸಲಿಡಬೇಕು, ಬರುವ ಹೋಗುವ ಬಸ್ಸಿನ ವ್ಯವಸ್ಥೆಯನ್ನೂ ಮಾಡಬೇಕು. ಬೆಸಾನ್ಸೋನಿನ ಕೆಲಸಗಾರರು ಎದ್ದು ಕೇಳಿದ ಪ್ರಶ್ನೆಯನ್ನು ನಾಳೆ ನಮಗೂ ಯಾರಾದರೂ ಕೇಳುವ ಪ್ರಸಂಗ ಬರಬಾರದು. ವಿಡಿಯೋ ಕಲಿಯುವವರಿಗೆ ಮೊದಲ ದಿನವೇ ಹೇಳಬೇಕಾದ ಇನ್ನೊಂದು ಮಾತು: ಒಪ್ಪಿಗೆಯಿಲ್ಲದೆ ಯಾರ ಮುಖವನ್ನೂ ಹಿಡಿಯಬಾರದು, ಹಿಡಿದ ಚಿತ್ರದ ಪ್ರತಿಯನ್ನು ಅವರಿಗೆ ಕೊಡದೆ ಹೋಗಬಾರದು. ಪ್ರವಾಸಿಗರು ನಮಗೆ ಮಾಡಿದ್ದನ್ನು ನಾವು ನಮ್ಮವರಿಗೇ ಮಾಡುವುದು ಬೇಡ.

ಮೊದಲ ವರ್ಷ ಏನು ಮಾಡಬಹುದು? ಗಣೇಶ ಚೌತಿಯ ದೇಖಾವೆಯನ್ನೇ ತೆಗೆದುಕೊಳ್ಳೋಣ. ರಾಕ್ಷಸ ದೇವತೆಗಳ ಜೊತೆಗೆ ಒಂದು ಮಂಡಳಿಯಾದರೂ ಕಾಗದದ ಯಂತ್ರವನ್ನೂ ಅದರ ಮುಂದೆ ನಿಂತ ಮೂರು ಪಾಳಿಯ ಕೆಲಸಗಾರರನ್ನೂ ಮಾಡಿ ನಿಲ್ಲಿಸಲಿ. ಜನ ಹತ್ತಿರ ಬಂದಾಗ ಮಾತ್ರ ಯಂತ್ರ ಓಡಲಿ, ದೂರ ಸರಿದರೆ ನಿಲ್ಲಲಿ. ಹಿಂದಿನ ಗೋಡೆಯ ಮೇಲೆ ನಿವೃತ್ತ ಕೆಲಸಗಾರರು ತಮ್ಮ ಮೊದಲ ಪಾಳಿಯ ದಿನವನ್ನು ಹೇಳುವ ವಿಡಿಯೋ ಓಡಲಿ. ಜೋಯಿಡಾದ ಗೆಡ್ಡೆಗೆಣಸಿನ ಮೇಳಕ್ಕೆ ಬಂದ ಹೆಂಗಸರು ಯಾವ ಗೆಣಸನ್ನು ಹೇಗೆ ಬೇಯಿಸುತ್ತಾರೆ ಎಂಬುದನ್ನು ಕುಣಬಿ ಹುಡುಗಿಯರೇ ಹಿಡಿಯಲಿ. ಸೂಪಾದ ಹಿರಿಯರ ಮಾತು ಮಾತ್ರ ಚೌತಿಯವರೆಗೆ ಕಾಯಬಾರದು. ಅದಕ್ಕೆ ಕಮ್ಮಟ ಆರಂಭವಾಗುವ ಮೊದಲೇ ಇಬ್ಬರು ಮೂವರು ತರುಣರು ಮುಂದೆ ಬರಬೇಕು. ಮೊಬೈಲು ಇದ್ದರೆ ಸಾಕು, ಪೆಟ್ರೋಲಿನ ಖರ್ಚನ್ನು ಪತ್ರಿಕೆ ಕೊಡುತ್ತದೆ.

ಸಂಘಗಳು ಕಳಿಸಬೇಕಾದ ಠರಾವಿನ ಕರಡು ನಮ್ಮ ಕಚೇರಿಯಲ್ಲಿ ಸಿದ್ಧವಿದೆ. ಪಾಳಿ ಬಿಟ್ಟು ಬರುವಾಗ ಒಯ್ಯಬಹುದು. ಚಹದ ಅಂಗಡಿಯಲ್ಲಿ ಪ್ರಶ್ನೆ ಕೇಳಿದ ಗೆಳೆಯರು ಅದನ್ನು ಓದಿ ಎರಡು ಕಡೆ ತಿದ್ದಿದ್ದಾರೆ, ಗಾದೆಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಂಡಿಲ್ಲ. ಗ್ಯಾರೇಜಿನವರೂ ಗುಜರಿಯವರೂ ಹಳೆಯ ವೈಪರ್ ಮೋಟರುಗಳಿದ್ದರೆ ತೂಕಕ್ಕೆ ಹಾಕುವ ಮೊದಲು ನಮಗೊಂದು ಮಾತು ಹೇಳಿ ಕಳಿಸಲಿ. ತೂಕದ ಬೆಲೆಯನ್ನು ನಾವೇ ಕೊಡುತ್ತೇವೆ.